ಒಂಬತ್ತನೇ ಮೆಟ್ಟಿಲು

ಆ ಬಡಗಿಗೆ ಹೆತ್ತವರಿಟ್ಟ ಹೆಸರು ಯಾರಿಗೂ ನೆನಪಿರಲಿಲ್ಲ. ನೂಲು ಹಿಡಿದು ನೇರ ನೋಡದೆ ಒಂದು ಮೊಳೆಯನ್ನೂ ಹೊಡೆಯದ ಅವನನ್ನು ಎಲ್ಲರೂ ನೂಲಪ್ಪ ಎಂದೇ ಕರೆಯುತ್ತಿದ್ದರು. "ನಮ್ಮನೆಯವರು ಹಾಸಿಗೆ ಹಾಸೋಕೂ ನೂಲು ಹಿಡೀತಾರೆ" ಎಂದು ಹೆಂಡತಿ ನಗುತ್ತಿದ್ದಳು. ನಲವತ್ತು ವರ್ಷಗಳಲ್ಲಿ ಅವನ ಕೆಲಸ ಕೂದಲೆಳೆಯಷ್ಟು ಓರೆಯಾಗಿದೆ ಎಂದು ಯಾರೂ ಬೆರಳು ತೋರಿಸಿರಲಿಲ್ಲ. ಆ ಹೆಸರೇ ಅವನ ಆಸ್ತಿ.

ಪೇಟೆಬೀದಿಯಲ್ಲಿ ಅಕ್ಕಪಕ್ಕದ ಮನೆಗಳಿಗೆ ಮೈ ಅಂಟಿಸಿಕೊಂಡು ನಿಂತಿದ್ದ ಹಳೆಯ ಮಹಡಿ ಮನೆಯೊಂದರ ದುರಸ್ತಿಗೆ ಅವನನ್ನು ಕರೆದರು. ಮನೆಯವನು ಪುಸ್ತಕಗಳಿಗೆ ರಟ್ಟು ಕಟ್ಟುವವನು. ಅವನ ಅಕ್ಕನಿಗೆ ಇಪ್ಪತ್ತನೇ ವಯಸ್ಸಿನಲ್ಲೇ ಕಣ್ಣು ಹೋಗಿತ್ತು. ಅವಳು ಮಹಡಿಯಲ್ಲಿ ಕೂತು ಕುರ್ಚಿಗಳಿಗೆ ಬೆತ್ತ ಹೆಣೆಯುತ್ತಿದ್ದಳು. ಅವಳ ಕೆಲಸಕ್ಕೆಂದೇ ಮಹಡಿಯ ಹಿಂಬದಿಗೆ ಕಬ್ಬಿಣ, ಗಾಜಿನ ಹೊಸ ಕೋಣೆ ಏಳುತ್ತಿತ್ತು.

"ನನಗ್ಯಾಕೋ ಗಾಜು?" ಎಂದಿದ್ದಳು ಅಕ್ಕ.

"ಬೆನ್ನಿಗೆ ಬಿಸಿಲು ಬೀಳುತ್ತಲ್ಲ, ನನ್ನ ಬೈಕೊಂಡು ಕೂತ್ಕೋ" ಎಂದಿದ್ದ ತಮ್ಮ.

ಕೆಲಸ ಮುಗಿಯುವವರೆಗೆ ಇಬ್ಬರೂ ಬಾಡಿಗೆ ಮನೆಗೆ ಹೋದರು. ನೂಲಪ್ಪ ಹುಳು ತಿಂದ ಹಳೆಯ ಏಣಿಮೆಟ್ಟಿಲನ್ನು ಬಿಚ್ಚಿ, ಗಟ್ಟಿ ಮರದಲ್ಲಿ ಹೊಸದು ಕೂಡಿಸಿದ. ಹಳೆಯದರಲ್ಲಿ ಒಂಬತ್ತನೆಯದು ಉಳಿದವಕ್ಕಿಂತ ಎರಡು ಬೆರಳು ಎತ್ತರವಿತ್ತು. ಯಾವನೋ ಕೈಬಾರದವನ ಕೆಲಸ ಎಂದು ಗೊಣಗಿ, ಹದಿನಾರು ಮೆಟ್ಟಿಲುಗಳನ್ನೂ ಒಂದೇ ಸಮ ಮಾಡಿದ.

ಮರಳಿ ಬಂದ ದಿನ ಅಕ್ಕ ಬೆತ್ತದ ಕಟ್ಟನ್ನು ಕಂಕುಳಲ್ಲಿಟ್ಟುಕೊಂಡು, ಎಂದಿನಂತೆ ಏನನ್ನೂ ಹಿಡಿಯದೆ ಹತ್ತಿದಳು. ಒಂಬತ್ತನೆಯದಕ್ಕೆ ಎತ್ತಿದ ಕಾಲು ಗಾಳಿಯಲ್ಲಿ ಇಳಿದು ಧಪ್ಪೆಂದು ಬಿತ್ತು. ಬೆತ್ತವೆಲ್ಲ ಕೆಳಗುರುಳಿತು. ಅವಳು ಗೋಡೆಗೆ ಒರಗಿ ಕೂತುಬಿಟ್ಟಳು. ಕೆಳಗೆ ತಮ್ಮನ ಜೊತೆ ನೂಲಪ್ಪನೂ ನಿಂತಿದ್ದ.

"ಮೇಸ್ತ್ರೀ, ನನ್ನ ಒಂಬತ್ತನೇ ಮೆಟ್ಟಿಲೆಲ್ಲಿ?"

"ಅದು ಸೊಟ್ಟ ಇತ್ತಮ್ಮಾ. ಸರಿ ಮಾಡ್ದೆ."

"ಅದು ಸಿಕ್ಕಿದ್ರೆ ಮುಂದೆ ತಿರುವು ಅಂತ ನನ್ನ ಕಾಲಿಗೆ ಗೊತ್ತಾಗ್ತಿತ್ತು."

"ನಾಲ್ಕು ದಿನದಲ್ಲಿ ಅಭ್ಯಾಸ ಆಗುತ್ತೆ."

"ಮೂವತ್ತು ವರ್ಷದ ಅಭ್ಯಾಸ ನಾಲ್ಕು ದಿನದಲ್ಲಿ ಬಿಡುತ್ತಾ?"

ತಮ್ಮ ಹೆದರಿಹೋಗಿದ್ದ. "ಇನ್ಮೇಲೆ ಒಬ್ಬಳೇ ಹತ್ತಬೇಡ. ನಾನು ಇದ್ದಾಗ ಕೈ ಹಿಡಿದು ಕರ್ಕೊಂಡು ಹೋಗ್ತೀನಿ."

ಅಕ್ಕ ಗೋಡೆ ತಡವುತ್ತ ಒಂದೊಂದೇ ಮೆಟ್ಟಿಲು ಇಳಿದಳು. ಯಾವತ್ತೂ ಏನನ್ನೂ ಹಿಡಿಯದೆ ಓಡಾಡುವವಳು ಹಾಗೆ ತಡವಿದ್ದು ನೂಲಪ್ಪನ ಎದೆಗೆ ನಾಟಿತು.

ಮಾರನೇ ದಿನ ಬೆಳಿಗ್ಗೆಯೇ ಬಂದು, ಅವಳನ್ನು ಎಂಟನೇ ಮೆಟ್ಟಿಲಿನ ಮೇಲೆ ನಿಲ್ಲಿಸಿದ. "ಅಮ್ಮಾ, ಯೋಚನೆ ಮಾಡದೆ ಕಾಲೆತ್ತಿ, ಹಾಗೇ ನಿಲ್ಲಿಸಿ." ಗಾಳಿಯಲ್ಲಿ ನಿಂತ ಪಾದದ ಕೆಳಗೆ ತೆಳು ಹಲಗೆಗಳನ್ನು ಒಂದೊಂದಾಗಿ ತೂರಿಸುತ್ತ ಹೋದ. ಮೂರನೆಯದು ಅಂಗಾಲಿಗೆ ತಾಗಿತು.

"ಹಾಂ, ಇದೇ!" ಎಂದಳು.

ಆವತ್ತು ನೂಲು ಜೇಬಿನಿಂದ ಹೊರಬರಲಿಲ್ಲ. ಮೇಲಿನ ಮೆಟ್ಟಿಲುಗಳನ್ನು ಬಿಚ್ಚಿ, ಒಂಬತ್ತನೆಯದನ್ನು ಎತ್ತರಿಸಿ, ಉಳಿದವನ್ನು ಅದಕ್ಕೆ ಹೊಂದಿಸಲು ಮೂರು ದಿನ ಹಿಡಿಯಿತು. ಕಣ್ಣಿದ್ದವರು ಎಡವದಿರಲೆಂದು ಅದರ ಅಂಚಿಗೆ ಹಿತ್ತಾಳೆಯ ಪಟ್ಟಿ ಬಡಿದ.

ಹೊಸ ಕೋಣೆ ಕಟ್ಟಿಸಿದ್ದ ಕಂಟ್ರಾಕ್ಟರ್ ಅದನ್ನು ನೋಡಲು ಬಂದು, ಪಟ್ಟಿಯಿದ್ದರೂ ಅಲ್ಲೇ ಮುಗ್ಗರಿಸಿದ.

"ಏನ್ ನೂಲಪ್ಪ, ವಯಸ್ಸಾಯ್ತಾ? ಇದು ಎತ್ತರ ಆಗಿದೆ."

ನೂಲಪ್ಪನ ಕಿವಿ ಬಿಸಿಯಾಯಿತು. ಕೈ ಜೇಬಿನ ನೂಲಿನತ್ತ ಹೋಗಿ ಹಿಂದಕ್ಕೆ ಬಂತು. "ಹೌದು ಸಾರ್, ಎತ್ತರ ಇದೆ. ಹಾಗೇ ಇರುತ್ತೆ."

ಗಾಜಿನ ಕೋಣೆಯಿಂದ ಅಕ್ಕನ ದನಿ ಕೇಳಿಸಿತು: "ಸ್ವಲ್ಪ ಕಣ್ಣು ಬಿಟ್ಕೊಂಡು ಹತ್ತಿ ಸ್ವಾಮೀ!"