ಊರಿಗೊಂದು ಉತ್ತರ: ಜಾಹೇದಾ ಮೇಡಂ ಅವರ ಪ್ರಯೋಗಾಲಯ

ನನ್ನ ಪತಿ ರವಿಕುಮಾರ ಅವರನ್ನು ಮಣ್ಣು ಮಾಡಿ, ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಸಾಮಾನ್ಯ ಬೆಳಿಗ್ಗೆ ಹಾಲಿನವನು ಎಂದಿನಂತೆ ಬಂದ. ಅವನ ಹಿಂದೆಯೇ ಜಾಹೇದಾ ಮೇಡಂ ಬಂದರು. ಅದು 2004ರ ಬೇಸಿಗೆ. ಜತ್ತದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಲೇ, ಕಚೇರಿಗಳು ಬೇಡವೆಂದ ಹಳೆಯ ಕಂಪ್ಯೂಟರುಗಳನ್ನು ಕೇಬಲ್ಲಿನಿಂದ ಜೋಡಿಸಿ ಒಂದೇ ಯಂತ್ರದಂತೆ ದುಡಿಸಿದ, ಈ ಗಡಿಭಾಗಕ್ಕೆ ಕ್ಲಸ್ಟರ್ ಎಂಬ ಮಾತನ್ನು ತಂದ ಈ ಹಿರಿಯರನ್ನು ನೆನೆದಾಗಲೆಲ್ಲ ನನಗೆ ಆ ಬೆಳಗೇ ಕಾಣುತ್ತದೆ.

ಅದಕ್ಕೂ ಹತ್ತು ವರ್ಷ ಹಿಂದೆ ನಾನು ಅವರ ವಿದ್ಯಾರ್ಥಿನಿಯಾಗಿದ್ದೆ. ಮರಾಠಿಯಲ್ಲಿ ಮಾಡಿದ ಪಾಠವನ್ನು, ತಿಕೋಂಡಿಯಿಂದ ಬಸ್ಸಿಗೆ ಬರುತ್ತಿದ್ದ ನಮಗಾಗಿ ಅವರು ಕನ್ನಡದಲ್ಲಿ ಮತ್ತೊಮ್ಮೆ ಹೇಳುತ್ತಿದ್ದರು. ಮುಂದೆ ರವಿಕುಮಾರ ಮೇಡಂಗೆ ಸಹಾಯಕರಾಗಿ ಸೇರಿದರು. ಕೇಬಲ್ಲಿನ ತುದಿ ಒತ್ತುವ ಒಂದು ಇಕ್ಕಳವಿತ್ತು. ಹಿಡಿಗೆ ಕೆಂಪು ಪಟ್ಟಿ ಸುತ್ತಿ ಮೇಡಂ ಅದನ್ನು ಯಾರ ಕೈಗೂ ಕೊಡದೆ ಇಟ್ಟುಕೊಂಡಿದ್ದರು. ನಮ್ಮ ಇವರಿಗೆ ಮಾತ್ರ ಮನೆಗೂ ಒಯ್ಯಲು ಕೊಟ್ಟರು.

ಮಳೆ, ಮಣ್ಣು, ಬಾವಿಯ ಆಳ ಕೊಟ್ಟರೆ ಒಂದು ಊರಿನ ನೀರು ಎಲ್ಲಿಯವರೆಗೆ ಬಾಳೀತೆಂದು ಹೇಳುವ ಪ್ರೋಗ್ರಾಂ ರವಿಕುಮಾರ ಅವರದು. ಪ್ರೋಗ್ರಾಂ ಒಂದೇ, ಫೈಲು ಊರಿಗೊಂದು, ಅದರ ಹೆಸರಿನಲ್ಲಿ ಆ ಊರಿನ ಅಂಕಿ. ತಾಲೂಕಿನ ಎಲ್ಲ ಊರುಗಳನ್ನೂ ಒಟ್ಟಿಗೆ ಸರದಿಗೆ ಹಚ್ಚಿ, ಜ್ವರವೆಂದು ಆಸ್ಪತ್ರೆಗೆ ಹೋದವರು ತಿರುಗಿ ಬರಲಿಲ್ಲ.

"ಚಹಾ ಮಾಡು ದೀಪಾಲಿ. ಕುಡದ ಲ್ಯಾಬಿಗಿ ಹೋಗೂಣು," ಎಂದರು ಮೇಡಂ.

"ಈಗ ಹೊರಗ ಕಳಸಿದರ ಮಂದಿ ಏನ ಅಂದಾರ್ರಿ?" ಎಂದರು ನನ್ನ ಅತ್ತೆ ಇಂದ್ರಾಬಾಯಿ.

"ಮಂದಿ ಅನ್ನೂದು ಇವತ್ತ ಸುರು ಆಗೇತೇನ್ರಿ ಅಕ್ಕಾರ? ಸಂಜಿಕ ನಾನ ತಂದ ಬಿಡ್ತೀನಿ."

ಲ್ಯಾಬಿನಲ್ಲಿ ಸರದಿ ಮುಗಿದಿತ್ತು. ಉತ್ತರ ಮಾತ್ರ ಒಂದೇ ಇತ್ತು, ಕೊನೆಗೆ ಮುಗಿದ ಊರು ಸನಮಡಿಯದು. ಪ್ರತಿ ಊರಿನ ಉತ್ತರವೂ ಒಂದೇ ಹೆಸರಿನ ಫೈಲಿಗೆ ಹೋಗುವಂತೆ ಇವರು ಜ್ವರದ ಕಣ್ಣಲ್ಲಿ ಬರೆದಿದ್ದರು. ಹಿಂದಿನದನ್ನು ಮುಂದಿನದು ಅಳಿಸುತ್ತ ಬಂದಿತ್ತು. ಅವರ ದುಡಿಮೆಯಲ್ಲಿ ಉಳಿದದ್ದು ಅಷ್ಟೇ ಎಂದುಕೊಂಡೆ.

"ಉತ್ತರ ಹೋಗ್ಯಾವ, ಊರು ಎಲ್ಲಿ ಹೋಗ್ಯಾವ? ಕುಂದ್ರು," ಎಂದು ಮೇಡಂ ಕುರ್ಚಿ ಎಳೆದರು.

ಉತ್ತರದ ಫೈಲಿನ ಹೆಸರಿಗೂ ಊರಿನ ಅಂಕಿ ಸೇರಿಸುವುದನ್ನು ಕಲಿಸಿದರು. ಒಂದು ಸಾಲು ತಿದ್ದುವ ಕೆಲಸ. ತಿದ್ದಿ ಮೇಡಂ ಕಡೆ ತಿರುಗಿದೆ.

"ಯಾರ ಹೆಸರಿಲೆ ಹಚ್ಚಲ್ರಿ?"

"ಹೆಸರು ಅವಂದ ಇರ್ಲಿ. ಕೈ ನಿಂದು."

ಕಾಲೇಜು ಪ್ರವೇಶದ ಕೆಲಸಕ್ಕೆ ಯಂತ್ರಗಳು ಬೇಕೆಂದು ಕಚೇರಿಯ ಗುರಪ್ಪ ಬಂದಾಗ ಮೇಡಂ ಬಾಗಿಲಲ್ಲೇ ತಡೆದರು. "ಊರೆಲ್ಲಾ ಪಾಳಿ ಹಚ್ಚಿ ನಿಂತಾವೋ ಗುರಪ್ಪ. ಅರ್ಧಕ್ಕ ಎಬ್ಬಿಸಿ ಕಳಸಾಕ ನಾ ಏನ ರೇಷನ್ ಅಂಗಡಿಯಾಕೀನ?" ಅವನು ನಕ್ಕು ಹೋದ. ಅಂದು ನಾನೂ ನಕ್ಕೆನಂತೆ, ಮೇಡಂ ಹೇಳುತ್ತಾರೆ.

ಉಳಿದ ಊರುಗಳ ಉತ್ತರ ಒಂದೊಂದಾಗಿ ಬಂತು. ಕೊನೆಯಲ್ಲಿ ನಮ್ಮ ತಿಕೋಂಡಿ. ರವಿಕುಮಾರ ಅವರ ಹೆಸರಿನಲ್ಲೇ ಆ ಕೆಲಸ ಪೂರ್ತಿಯಾಯಿತು. ಲ್ಯಾಬಿನ ಆ ಕುರ್ಚಿಯಲ್ಲಿ ನಾನು ಇಂದಿಗೂ ಕೂರುತ್ತೇನೆ.

ಈಗ 2009. ನಿವೃತ್ತರಾಗುವ ಮೇಡಂ, ಶೇಗಾಂವದ ಹೆಣ್ಣುಮಕ್ಕಳ ಶಾಲೆಗೆ ಮತ್ತೆ ಹಳೆಯ ಯಂತ್ರಗಳನ್ನು ಜೋಡಿಸಿಕೊಡಲು ಹೊರಟಿದ್ದಾರೆ. ಅವರ ಕಣ್ಣು ಚುರುಕಾಗಿರಲಿ, ಮೊಣಕಾಲು ನೋಯದಿರಲಿ, ಇನ್ನೂ ಬಹುಕಾಲ ನಮ್ಮನ್ನು ಗದರಿಸಲಿ.

ಅಲ್ಲಿ ಕೇಬಲ್ಲಿನ ಕೆಲಸ ಬಹಳವಿದೆಯಂತೆ. ಇಕ್ಕಳ ನಮ್ಮ ಮನೆಯಲ್ಲೇ ಉಳಿದಿತ್ತು. ಅವರು ಒಮ್ಮೆಯೂ ಕೇಳಲಿಲ್ಲ, ನನ್ನಿಂದ ಕೊಡಲಾಗಲಿಲ್ಲ. ಬೀಳ್ಕೊಡುಗೆಯ ಸಮಾರಂಭದಲ್ಲಿ ಶಾಲು ಹೊದಿಸುವವರು ಬೇರೆ ಇದ್ದಾರೆ. ನಾನು ಇಕ್ಕಳ ತರುತ್ತೇನೆ. ಒರೆಸಿ, ಎಣ್ಣೆ ಹಾಕಿ ಇಟ್ಟಿದ್ದೇನೆ. ಕೆಂಪು ಪಟ್ಟಿ ಹೆಬ್ಬೆರಳಿನ ಜಾಗದಲ್ಲಿ ಸವೆದಿದೆ, ಅದನ್ನು ಬದಲಿಸಿಲ್ಲ.