ಕಿಬ್ವಾನಾನ ಹಾಡಿಗೆ ಸೆಫುವಿನ ದನಿ

ದಾರ್ ಎಸ್ ಸಲಾಮಿನ ತೆಮೆಕೆ ಮಾರುಕಟ್ಟೆಯ ಹಿಂದೆ ಸೆಫುವಿನ ಕ್ಯಾಸೆಟ್ ಅಂಗಡಿ ಇದೆ. ಅಲ್ಲಿ ಹೋಗಿ ಕಿಜಿಂಗಾ ಜಾಝ್ ಬ್ಯಾಂಡಿನ ಯಾವುದಾದರೂ ಹಾಡು ಕೇಳಿ ನೋಡಿ. ಅವನು ಕ್ಯಾಸೆಟ್ಟಿಗೆ ಕೈ ಹಾಕುವ ಮೊದಲು, "ಯಾರು ಹಾಡಿದ್ದು ಬೇಕು?" ಎನ್ನುತ್ತಾನೆ.

"ಯಾರಾದ್ರೇನಪ್ಪಾ, ಹಾಡಿದವನಿಗೆ ನಾನೇನು ಹೆಣ್ಣು ಕೊಡ್ಬೇಕಾ?" ಎಂದು ಗಿರಾಕಿಗಳು ರೇಗುತ್ತಾರೆ.

ರೇಗಿ ಪ್ರಯೋಜನವಿಲ್ಲ. ತಪ್ಪು ನಮ್ಮ ಬ್ಯಾಂಡಿನದು. ನಾನು ಅದರಲ್ಲಿ ಡೋಲು ಬಾರಿಸುತ್ತಿದ್ದವನು, ಹಾಗಾಗಿ ಬಲ್ಲೆ. ಆ ಕಾಲದಲ್ಲಿ ದಾರ್ ಎಸ್ ಸಲಾಮಿನ ಬ್ಯಾಂಡುಗಳು ಒಂದರ ಗಾಯಕನನ್ನು ಇನ್ನೊಂದು ಹಾರಿಸಿಕೊಂಡು ಹೋಗುತ್ತಿದ್ದವು. ಒಬ್ಬ ಸ್ಕೂಟರಿನ ಆಸೆಗೆ ಹೋದ, ಇನ್ನೊಬ್ಬ ಫ್ರಿಜ್ಜಿನ ಆಸೆಗೆ. ಫ್ರಿಜ್ಜಿಗೆ ಹೋದವನ ಮನೆಯಲ್ಲಿ ಕರೆಂಟೇ ಇರಲಿಲ್ಲ! ಹಾಗೆ ಒಬ್ಬ ಹೋದ ಕೂಡಲೇ ನಮ್ಮ ಯಜಮಾನ ಜುಂಬೆ ಹೊಸಬನನ್ನು ತಂದು ನಿಲ್ಲಿಸಿ, ಹಳೆಯ ಹಾಡುಗಳನ್ನೆಲ್ಲ ಮತ್ತೆ ರೆಕಾರ್ಡ್ ಮಾಡಿಸುತ್ತಿದ್ದ. "ಹಾಡು ಬ್ಯಾಂಡಿಂದು ಕಣ್ರೋ, ಬಾಯಿ ಯಾರದಾದ್ರೇನು?" ಎನ್ನುತ್ತಿದ್ದ. ಟೇಪಿಗೆ ಬರಗಾಲ, ಸ್ಟುಡಿಯೊದಲ್ಲಿ ಹಳಬನ ದನಿ ಅಳಿಸಿ ಅದೇ ಟೇಪಿನ ಮೇಲೆ ಹೊಸಬನ ದನಿ ಕೂರುತ್ತಿತ್ತು; ಹಳಬನದು ಆಗಲೇ ಮಾರಾಟವಾದ ಕ್ಯಾಸೆಟ್ಟುಗಳಲ್ಲಷ್ಟೇ ಉಳಿಯುತ್ತಿತ್ತು. ಹೀಗೆ ಒಂದೊಂದು ಹಾಡಿಗೆ ಮೂರು ಬಾಯಿ, ನಾಲ್ಕು ಬಾಯಿ. ಯಾವುದು ಯಾರದೆಂದು ಕಿವಿಯಿಟ್ಟು ಕೇಳಿ, ಚೀಟಿ ಅಂಟಿಸಿ, ಸಾಲಾಗಿ ಜೋಡಿಸುವುದೇ ಸೆಫುವಿನ ಬದುಕಾಯಿತು. ಜನ ಅದನ್ನು ಹುಚ್ಚು ಎಂದರು. ಅದು ಹುಚ್ಚಲ್ಲ, ಪಾಪಪ್ರಜ್ಞೆ. ಅವನು ಹುಡುಕುತ್ತಿದ್ದುದು ಒಬ್ಬನೇ ಒಬ್ಬನ ದನಿಯನ್ನು.

ಆ ಒಬ್ಬ ಕಿಬ್ವಾನಾ. ನಮ್ಮಲ್ಲಿ ಅವನಂಥ ಗಾಯಕ ಮತ್ತೆ ಬರಲಿಲ್ಲ. ತಾಯಿಯನ್ನು ನೆನೆದು ಅವನು ಒಂದು ಹಾಡು ಕಟ್ಟಿದ್ದ. ನಮ್ಮ ಕಡೆ ಹಾಡುವವನು ಹಾಡಿನ ನಡುವೆ ತನ್ನ ಹೆಸರನ್ನು ಕೂಗಿಕೊಳ್ಳುವುದು ವಾಡಿಕೆ. ಅವನೂ "ಅಮ್ಮಾ, ನಿನ್ನ ಕಿಬ್ವಾನಾ ಅಳ್ತಿದ್ದಾನೆ" ಎಂದು ಕೂಗುತ್ತಿದ್ದ. ಅವನನ್ನೂ ಬೇರೆ ಬ್ಯಾಂಡಿನವರು ಎಳೆದುಕೊಂಡರು. ಜಾಗ ತುಂಬಲು ಇದೇ ಸೆಫು ಬಂದ. ಅಪ್ಪಟ ಕಿಬ್ವಾನಾನ ಹಾಗೆಯೇ ಹಾಡು ಎಂದು ಜುಂಬೆ ಅಪ್ಪಣೆ ಮಾಡಿದ. ಹೊಸಬ ಹಾಡಿದಾಗ ಹೆಸರು ಬದಲಾಗಬೇಕು. ಸೆಫು ಬದಲಿಸಲಿಲ್ಲ. "ಆ ತಾಳಕ್ಕೆ ನನ್ನ ಹೆಸರು ಮುಗ್ಗರಿಸುತ್ತೆ, ಅವನದೇ ಇರ್ಲಿ" ಎಂದ. ನಾವೂ ಹೂಂ ಎಂದೆವು.

ಸ್ವಲ್ಪ ದಿನಕ್ಕೆಲ್ಲ ಮೊರೊಗೊರೊ ರಸ್ತೆಯಲ್ಲಿ ಕಿಬ್ವಾನಾ ಇದ್ದ ಬಸ್ಸು ಮಗುಚಿತು. ನಲವತ್ತನೆಯ ದಿನದ ಪ್ರಾರ್ಥನೆಗೆ ಹೋದಾಗ ಅವನ ತಾಯಿ ಬೀ ಚೌಸಿಕು ಕೇಳಿದ್ದು ಒಂದೇ: "ನನ್ನ ಮಗನ ಹಾಡು ತಂದ್ಕೊಡ್ರಪ್ಪಾ." ನಮ್ಮ ಬಳಿ ಉಳಿದಿದ್ದದ್ದು ಸೆಫು ಹಾಡಿದ ಪ್ರತಿ. ಸೆಫು ಅದನ್ನೇ ಒಯ್ದ. ಇದು ನನ್ನ ದನಿ ಎಂದು ಹೇಳಿಯೇ ಕೊಡುವ ಮನಸ್ಸಿತ್ತು ಅವನಿಗೆ. ಆದರೆ ಪೆಟ್ಟಿಗೆಯೊಳಗಿಂದ ಆ ಹೆಸರು ಕೇಳಿದ್ದೇ ತಡ, ಆಕೆ ಟೇಪ್ ರೆಕಾರ್ಡರನ್ನು ಎದೆಗೆ ಅವಚಿಕೊಂಡಳು. ಸೆಫು ಮಾತು ನುಂಗಿದ.

ಅಂದಿನಿಂದ ಪ್ರತಿ ಶುಕ್ರವಾರ ನಮಾಜು ಮುಗಿಸಿ ಆಕೆಯ ಮನೆಗೆ ಹೋಗುತ್ತಾನೆ. ಕಡಲೆಕಾಯಿ ಮಿಠಾಯಿ ಒಯ್ಯುತ್ತಾನೆ. ಕ್ಯಾಸೆಟ್ ಸವೆದರೆ ಹೊಸ ಪ್ರತಿ ಮಾಡಿಕೊಡುತ್ತಾನೆ. ಕೂತು ಕೇಳುತ್ತಾನೆ. ಬರುವಾಗ ಮುಖ ಸುಟ್ಟ ಬದನೆಕಾಯಿ.

"ಹೇಳಿಬಿಡೋ ಮಾರಾಯಾ, ಇನ್ನೆಷ್ಟು ವರ್ಷ?" ಎಂದು ನಾನು ಬೈಯುತ್ತಿದ್ದೆ.

"ಬರಿಗೈಲಿ ಹೇಳಿದ್ರೆ ಅವಳು ಮಗನ್ನ ಎರಡನೇ ಸಲ ಹೂಳ್ಬೇಕು. ಮೊದ್ಲು ಅವನ ನಿಜವಾದ ದನಿ ಸಿಗ್ಲಿ. ಅದನ್ನ ಕೈಗಿಟ್ಟು ಆಮೇಲೆ ಹೇಳ್ತೀನಿ."

ಹೀಗೆ ತಲೆ ನರೆಯಿತು. ಗಂಟಲಿನ ಕಾಯಿಲೆ ಬಂದು ಸೆಫುವಿನ ದನಿಯೂ ಹೋಯಿತು. ಉಳಿದದ್ದು ತಗಡು ಕೆರೆದಂಥ ಒಂದು ಸದ್ದು. ಕಳೆದ ವರ್ಷ ತಾಂಗಾದಿಂದ ಒಬ್ಬ ಲಾರಿ ಡ್ರೈವರು ತನ್ನ ಮಾವನ ಕ್ಯಾಸೆಟ್ಟುಗಳನ್ನೆಲ್ಲ ಚೀಲದಲ್ಲಿ ತುಂಬಿ ತಂದು ಸುರಿದ. ಅದರಲ್ಲೊಂದನ್ನು ಹಾಕಿದಾಗ ಆ ತಾಯಿಯ ಹಾಡು ಬಂತು; ಸೆಫು ರಿವೈಂಡ್ ಮಾಡಿ ಮತ್ತೆ ಕೇಳಿದ. ಕಿಬ್ವಾನಾ. ಸಂಶಯವೇ ಇಲ್ಲ, ಪದದ ಕೊನೆಯನ್ನು ಮೂಗಿಗೆ ಎಳೆಯುವುದು ಅವನೊಬ್ಬನೇ. ನನಗೂ ಕಣ್ಣು ತುಂಬಿತು.

ಆ ಶುಕ್ರವಾರ ನನ್ನನ್ನೂ ಎಳೆದುಕೊಂಡು ಹೋದ. ಬೀ ಚೌಸಿಕು ಜಗಲಿಯಲ್ಲಿ ಚಾಪೆ ಹಾಸಿ ಕೂತಿದ್ದಳು. ಕಣ್ಣು ಮಂಜು, ಕಿವಿ ಚುರುಕು.

"ಏನಪ್ಪಾ ಡೋಲಿನವನೇ, ಇನ್ನೂ ಬದುಕಿದ್ದೀಯಾ? ನಿನ್ನ ಡೋಲಿನ ಗದ್ದಲದಲ್ಲೇ ನನ್ ಮಗನ ದನಿ ಮುಳುಗ್ತಿದ್ದಿದ್ದು" ಎಂದು ನನ್ನನ್ನು ಛೇಡಿಸಿದಳು.

ಸೆಫು ಕ್ಯಾಸೆಟ್ ಹಾಕಿದ. ಆಕೆ ತಲೆ ವಾಲಿಸಿ ಕೇಳಿದಳು. ಹೆಸರು ಬರುವ ಜಾಗಕ್ಕೆ ಬಂದಿತು. ಕಿಬ್ವಾನಾ ತನ್ನ ಹೆಸರನ್ನು ತಾನೇ ಕೂಗಿದ. ಆಕೆಯ ಮುಖ ಬಿಗಿಯಿತು.

"ಯಾರಿದು?"

"ಅಮ್ಮಾ, ಇವನೇ..."

"ನಿಲ್ಸು ಅದನ್ನ! ಯಾವನೋ ಮೂಗಲ್ಲಿ ಹಾಡೋನು ನನ್ ಮಗನ ಹೆಸರು ಕದ್ದಿದ್ದಾನೆ. ಸತ್ತವನ ಹೆಸರನ್ನ ಬಾಯಿಗೆ ಹಾಕ್ಕೊಂಡಿದ್ದಾನಲ್ಲ, ಅವನಿಗೆ ಗೋರೀಲೂ ನೆಮ್ಮದಿ ಸಿಗದೇ ಹೋಗ್ಲಿ!"

ಹೆತ್ತವಳು ಹೆತ್ತ ಮಗನಿಗೇ ಹಾಕಿದ ಶಾಪ ಅದು. ಸೆಫು ಆಕೆಯ ಎರಡೂ ಕೈ ಹಿಡಿದು ಕಾಲ ಬಳಿ ಕೂತ.

"ಶಾಪ ವಾಪಸ್ ತಗೊಳ್ಳಿ ಅಮ್ಮಾ. ಇವನೇ ನಿಮ್ಮ ಕಿಬ್ವಾನಾ. ಕದ್ದಿದ್ದು ನಾನು. ಇಷ್ಟು ವರ್ಷ ನೀವು ಕೇಳಿದ್ದು ನನ್ನ ದನಿ. ನಾನು ಹಾಡಿದ್ದು!"

ಬೀ ಚೌಸಿಕು ನಕ್ಕಳು.

"ನೀನಾ? ಎಲ್ಲಿ, ಹಾಡು ನೋಡೋಣ."

ಸೆಫು ಹಾಡಿದ. ಅದನ್ನು ಹಾಡು ಎನ್ನಲು ನನಗೆ ಬಾಯಿ ಬರುವುದಿಲ್ಲ. ಎರಡನೆಯ ಸಾಲಿಗೇ ಕೆಮ್ಮು ಒತ್ತರಿಸಿತು. ಮತ್ತೆ ಶುರು ಮಾಡಿದ. "ಅಮ್ಮಾ, ನಿನ್ನ ಕಿಬ್ವಾನಾ..." ಎನ್ನುವಷ್ಟರಲ್ಲಿ ದನಿಯೇ ನಿಂತುಹೋಯಿತು. ಅವನು ನನ್ನ ಕಡೆ ನೋಡಿದ.

"ನಿಜ ಅಮ್ಮಾ, ಇವನು ಹೇಳ್ತಿರೋದು ನಿಜ," ಎಂದೆ ನಾನು.

ಆಕೆ ನನ್ನ ಮಾತು ಕಿವಿಗೇ ಹಾಕಿಕೊಳ್ಳಲಿಲ್ಲ. ಕೈ ಚಾಚಿ, ತಡವರಿಸಿ, ಸೆಫುವಿನ ತಲೆಯನ್ನು ಹುಡುಕಿ ಮಡಿಲಿಗೆ ಎಳೆದುಕೊಂಡಳು. ಹೊದ್ದಿದ್ದ ಕಾಂಗಾ ಬಟ್ಟೆಯ ಸೆರಗಿನಿಂದ ಅವನ ಮುಖ ಒರೆಸಿದಳು.

"ಅಯ್ಯೋ ಮಗನೇ, ನಿನಗೂ ಅವನ ನೆನಪು ಇಷ್ಟೊಂದು ಕಾಡುತ್ತಾ? ಒಂದು ದಿನಾನೂ ಬಾಯಿ ಬಿಟ್ಟು ಹೇಳ್ಲಿಲ್ವಲ್ಲೋ. ಅಳ್ಬೇಡ. ಅವನಿಗೆ ನಿನ್ನಂಥ ಗೆಳೆಯ ಇದ್ನಲ್ಲ, ನನಗೆ ಅಷ್ಟು ಸಾಕು. ಏಳು, ಆ ಕಳ್ಳನ್ನ ತೆಗೆದು ನನ್ ಮಗನ್ನ ಹಾಕು."

ಸೆಫು ಎದ್ದ. ಕಿಬ್ವಾನಾನನ್ನು ಪೆಟ್ಟಿಗೆಯಿಂದ ತೆಗೆದು, ತನ್ನನ್ನು ಹಾಕಿದ.