ಟೈಪಿಂಗ್ ಬಾಯಮ್ಮನ ಮೇಲ್ ಪೆಟ್ಟಿಗೆ

ಕಳೆದ ತಿಂಗಳು ಒಂದು ಬೆಳಿಗ್ಗೆ ನೀರುದೋಸೆ ಹೊಯ್ಯುತ್ತಿದ್ದಾಗ ಪಕ್ಕದಲ್ಲಿಟ್ಟಿದ್ದ ಫೋನು ಟಿಣ್ ಎಂದಿತು. ಒದ್ದೆ ಕೈಯನ್ನು ಸೆರಗಿಗೆ ಒರೆಸಿ ನೋಡಿದರೆ, ನಾನು ಯಾವ ಕಾಲದಲ್ಲೋ ಮಾಡಿಸಿಕೊಂಡಿದ್ದ ಇಮೇಲ್ ಖಾತೆಯ ಕಂಪೆನಿಯವರ ಎಚ್ಚರಿಕೆ. ಬಹಳ ಸಮಯದಿಂದ ನೀವು ಖಾತೆಯನ್ನು ತೆರೆದಿಲ್ಲ, ಮೂವತ್ತು ದಿನದೊಳಗೆ ತೆರೆಯದಿದ್ದರೆ ಅಳಿಸಿಬಿಡುತ್ತೇವೆ ಅಂತ. ಮೂವತ್ತು ದಿನ! ಅದನ್ನೇ ಮತ್ತೆ ಮತ್ತೆ ಓದಿದೆ. ಕಾವಲಿಯ ಮೇಲಿದ್ದ ದೋಸೆ ಸೀದು ಅಡುಗೆಮನೆಯೆಲ್ಲ ಹೊಗೆಯಾಯಿತು. ಜಗಲಿಯಿಂದ ಗಂಡ ಕೂಗಿದರು, "ಎಂತದು ಮಾರಾಯ್ತಿ, ಮನೆಗೆ ಬೆಂಕಿ ಕೊಡ್ತೀಯಾ?"

ಮನಸ್ಸಿನಲ್ಲಿ ನಾನಾಗಲೇ ಕಾರ್ಕಳ ಬಸ್‌ಸ್ಟ್ಯಾಂಡಿನ ಹಿಂದಿನ ಆ ಕಡಿದಾದ ಮೆಟ್ಟಿಲು ಹತ್ತುತ್ತಿದ್ದೆ...

ಆ ಮಹಡಿಯಲ್ಲಿ ಮೊದಲು ಇದ್ದದ್ದು ಟೈಪಿಂಗ್ ಶಾಲೆ. ನಡೆಸುತ್ತಿದ್ದವರು ಐವತ್ತರ ಆಸುಪಾಸಿನ, ಮದುವೆಯಾಗದ ಒಬ್ಬರು ಕ್ರಿಶ್ಚಿಯನ್ ಹೆಂಗಸು. ನಮ್ಮ ಕಡೆ ಆ ಸಮುದಾಯದ ಹೆಂಗಸರನ್ನು ಗೌರವದಿಂದ ಬಾಯಮ್ಮ ಎನ್ನುವುದು ವಾಡಿಕೆ. ಹಾಗಾಗಿ ಇವರು ಟೈಪಿಂಗ್ ಬಾಯಮ್ಮ. ಮನೆಯಲ್ಲಿ ಕೊಂಕಣಿ, ರಸ್ತೆಯಲ್ಲಿ ತುಳು, ಅಂಗಡಿಯೊಳಗೆ ಮಾತ್ರ ಕನ್ನಡ. ಪಾಠ ಹೇಳುತ್ತಿದ್ದ ಅಭ್ಯಾಸದಿಂದ ಒಂದೊಂದು ಅಕ್ಷರವನ್ನೂ ಒತ್ತಿ ಆಡುತ್ತಿದ್ದರು. ಎರಡು ಸಾವಿರದ ಇಸವಿಯ ಹೊತ್ತಿಗೆ ಟೈಪ್‌ರೈಟರುಗಳೆಲ್ಲ ಗುಜರಿಗೆ ಹೋಗಿ, ಅದೇ ಮೇಜುಗಳ ಮೇಲೆ ನಾಲ್ಕು ಕಂಪ್ಯೂಟರ್ ಬಂದು ಕುಳಿತವು. ಟೈಪಿಂಗ್ ಶಾಲೆ ಸೈಬರ್ ಕೆಫೆ ಆಯಿತು. ಬಾಗಿಲಲ್ಲಿ ಚಪ್ಪಲಿ ಬಿಟ್ಟೇ ಒಳಗೆ ಹೋಗಬೇಕು, ಕಂಪ್ಯೂಟರಿಗೆ ಧೂಳು ಆಗುವುದಿಲ್ಲವಂತೆ. ನಾವು ಬಸದಿಗೆ ಹೋಗುವಷ್ಟೇ ಭಕ್ತಿಯಿಂದ ಕಾಲು ಒರೆಸಿ ಹೋಗುತ್ತಿದ್ದೆವು.

ನಾವು ಅಂದರೆ ಗಲ್ಫಿನಲ್ಲಿ ಗಂಡಂದಿರಿದ್ದ ಹೆಂಗಸರು. ಅಲ್ಲಿ ಶುಕ್ರವಾರ ರಜೆ. ಹಾಗಾಗಿ ಇಲ್ಲಿ ಶುಕ್ರವಾರ ಮಧ್ಯಾಹ್ನ ಬಾಯಮ್ಮನ ಮೆಟ್ಟಿಲ ತುಂಬ ನಾವು. ಕುಕ್ಕುಂದೂರಿನಿಂದ ನಾನು, ಬೈಲೂರಿನಿಂದ ಇಬ್ಬರು, ಎರ್ಮಾಳಿನಿಂದ ಎರಡು ಬಸ್ಸು ಹಿಡಿದು ಬರುವ ಒಬ್ಬಳು. ಇಮೇಲ್ ವಿಳಾಸ ಯಾರಿಗೂ ಇರಲಿಲ್ಲ. ಇದ್ದದ್ದು ಒಂದೇ, ಬಾಯಮ್ಮನದು. ನಮ್ಮೆಲ್ಲರ ಗಂಡಂದಿರೂ ಆ ಒಂದೇ ವಿಳಾಸಕ್ಕೆ ಬರೆಯುತ್ತಿದ್ದರು, ಮೇಲೆ ಮನೆಯ ಹೆಸರು ಹಾಕಿ. ಬಾಯಮ್ಮ ಪ್ರತಿಯೊಂದನ್ನೂ ಪ್ರಿಂಟ್ ತೆಗೆದು, ನಾಲ್ಕಾಗಿ ಮಡಚಿ, ಗೋಡೆಯಿಂದ ಗೋಡೆಗೆ ಕಟ್ಟಿದ ದಾರಕ್ಕೆ ಬಟ್ಟೆ ಒಣಗಿಸುವ ಕ್ಲಿಪ್ಪಿನಲ್ಲಿ ಸಿಕ್ಕಿಸುತ್ತಿದ್ದರು. ಒಳಗೆ ಕಾಲಿಟ್ಟೊಡನೆ ನಮ್ಮ ಕಣ್ಣು ದಾರದ ಮೇಲೆ. ನಮ್ಮ ಕ್ಲಿಪ್ಪು ಖಾಲಿಯಾಗಿದ್ದರೆ ಈ ತುದಿಯಿಂದ ಆ ತುದಿಗೆ ಮತ್ತೊಮ್ಮೆ ಹುಡುಕುತ್ತಿದ್ದೆವು. ಓದು ಬಾರದವರಿಗೆ ಅವರೇ ಓದಿ ಹೇಳುತ್ತಿದ್ದರು, ಉತ್ತರವನ್ನೂ ಅವರೇ ಕುಟ್ಟುತ್ತಿದ್ದರು, ಹತ್ತೂ ಬೆರಳಲ್ಲಿ, ಕೀಲಿಗಳ ಕಡೆ ನೋಡದೆ.

ಒಳ್ಳೆಯವರು. ಆದರೆ ನನಗೆ ಅವರ ಮೇಲೆ ಒಂದು ಕಿಚ್ಚು ಇತ್ತು. ಈಗ ಹೇಳಿಬಿಡುತ್ತೇನೆ, ಮುಚ್ಚಿಟ್ಟು ಯಾರಿಗೆ ಏನು ಲಾಭ?

ನನ್ನನ್ನು ಬಹರೈನಿಗೆ ಕರೆಸಿಕೊಳ್ಳುತ್ತೇನೆಂದು ಗಂಡ ಎರಡು ವರ್ಷದಿಂದ ಹೇಳುತ್ತಿದ್ದರು. ನಾನು ಸೂಟ್‌ಕೇಸ್ ಕೂಡ ತಂದಿಟ್ಟಿದ್ದೆ. ಒಂದು ಶುಕ್ರವಾರ ಮೆಟ್ಟಿಲು ಹತ್ತಿ ಒಳಗೆ ಹೋದರೆ, ಗುಜುಗುಜು ಎನ್ನುತ್ತಿದ್ದ ಹೆಂಗಸರೆಲ್ಲ ಒಮ್ಮೆಲೇ ಸುಮ್ಮನಾದರು. ಎರ್ಮಾಳಿನವಳು ಎದ್ದು ನನಗೆ ಕುರ್ಚಿ ಬಿಟ್ಟುಕೊಟ್ಟಳು. ದಾರದಿಂದ ಕಾಗದ ತೆಗೆದು ಬಿಡಿಸಿದೆ. ವೀಸಾ ಆಗುವುದಿಲ್ಲ, ಇನ್ನು ಆಸೆ ಇಟ್ಟುಕೊಳ್ಳಬೇಡ ಎಂದಿತ್ತು. ನನಗಿಂತ ಮೊದಲೇ ಅದು ಅಷ್ಟೂ ಜನರಿಗೆ ಗೊತ್ತಿತ್ತು! "ಇವತ್ತು ಅವಳ ಹತ್ತಿರ ವೀಸಾ ಸುದ್ದಿ ಎತ್ತಬೇಡಿ, ಪಾಪ" ಎಂದು ಬಾಯಮ್ಮ ಹೇಳಿಟ್ಟಿದ್ದರಂತೆ. ಕಾಳಜಿಯೇ ಇರಬಹುದು. ನನಗೆ ಮಾತ್ರ ಮೈಯೆಲ್ಲ ಉರಿಯಿತು. ಮರುವಾರವೇ ಬೇರೆ ಸೈಬರಿಗೆ ಹೋಗಿ ನನ್ನದೇ ವಿಳಾಸ ಮಾಡಿಸಿಕೊಂಡೆ. ಹಾಗೆ ಮಾಡಿದ ಮೊದಲನೆಯವಳು ನಾನು. ವರ್ಷದೊಳಗೆ ಎಲ್ಲರೂ ಮಾಡಿಸಿಕೊಂಡರು. ದಾರದ ಮೇಲೆ ಖಾಲಿ ಕ್ಲಿಪ್ಪುಗಳು ಉಳಿದವು.

"ಯಾರೂ ಬರೆಯದ ಆ ಪೆಟ್ಟಿಗೆಯನ್ನು ದಿನಾ ಯಾಕೆ ತೆರೀತೀರಿ ಬಾಯಮ್ಮ?" ಎಂದು ಒಮ್ಮೆ ಕುಹಕದಿಂದಲೇ ಕೇಳಿದ್ದೆ. ಅವರು ಬೇಸರಪಡಲಿಲ್ಲ. "ಒಬ್ಬನಿಗೆ ಆ ವಿಳಾಸ ಬಿಟ್ರೆ ಬೇರೆ ಗೊತ್ತಿಲ್ಲ ಅಲ್ವಾ" ಎಂದರು.

ಆ ಒಬ್ಬ ಅವರ ತಮ್ಮ. ತಾಯಿ ಸತ್ತ ಮೇಲೆ ಇವರೇ ಎತ್ತಿ ಆಡಿಸಿ ಬೆಳೆಸಿದವನು. ಗಲ್ಫಿಗೆ ಹೋಗಿ ಬೇರೆ ಧರ್ಮದ ಹುಡುಗಿಯನ್ನು ಮದುವೆಯಾದ. ಇವರು ಫೋನಿನಲ್ಲಿ, ಇನ್ನು ಈ ಮನೆಯ ಮೆಟ್ಟಿಲು ತುಳಿಯಬೇಡ ಎಂದುಬಿಟ್ಟರು. ಅವನೂ ಹಟದವನೇ. ಕೆಲಸ ಬದಲಿಸಿದ, ಫೋನು ಬದಲಿಸಿದ, ಮತ್ತೆ ಸುದ್ದಿಯೇ ಇಲ್ಲ. ಆರು ತಿಂಗಳಲ್ಲಿ ಇವರ ಸಿಟ್ಟು ಇಳಿಯಿತು. ಆದರೆ ಅವನೆಲ್ಲಿ? ಅಂದಿನಿಂದ ಗಲ್ಫಿಗೆ ಹೊರಟ ಪ್ರತಿಯೊಬ್ಬರ ಕೈಗೂ ಬಾಯಮ್ಮ ಒಂದು ಚೀಟಿ ಕೊಡುತ್ತಿದ್ದರು. ಅದರಲ್ಲಿ ತಮ್ಮನ ಹೆಸರು, ಕೆಳಗೆ ಆ ಇಮೇಲ್ ವಿಳಾಸ, ಅದರ ಕೆಳಗೆ, ಅಕ್ಕನಿಗೆ ಕೋಪ ಇಲ್ಲ ಎಂಬ ಒಂದು ಸಾಲು.

ಆಮೇಲೆ ಒಂದು ದಿನ ಬಾಯಮ್ಮ ಅದೇ ಮೆಟ್ಟಿಲಿನಿಂದ ಜಾರಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ಮಣಿಪಾಲದ ಆಸ್ಪತ್ರೆಗೆ ನಾನೂ ನೋಡಲು ಹೋದೆ. ಕಿಚ್ಚು ಇದ್ದರೂ ಮನುಷ್ಯತ್ವ ಅಂತ ಒಂದು ಉಂಟಲ್ಲ. ಅವರು ನನ್ನ ಕೈ ಹಿಡಿದು ಹತ್ತಿರಕ್ಕೆ ಎಳೆದುಕೊಂಡರು.

"ನಿನಗೆ ಒಬ್ಬಳಿಗೇ ಇದೆಲ್ಲ ಸರಿಯಾಗಿ ಗೊತ್ತುಂಟು ಮಗಾ. ಆ ಪೆಟ್ಟಿಗೆಯನ್ನು ವಾರಕ್ಕೊಮ್ಮೆ ತೆಗೆದು ನೋಡ್ತೀಯಾ? ಮೂವತ್ತು ದಿನ ತೆರೆಯದಿದ್ರೆ ಕಂಪೆನಿಯವರು ಅಳಿಸಿಬಿಡ್ತಾರೆ. ಮರೀಬೇಡ."

ಪಾಸ್‌ವರ್ಡನ್ನು ಕಿವಿಯಲ್ಲಿ ಪಿಸುಗುಟ್ಟಿದರು. ತಮ್ಮನನ್ನು ಮನೆಯಲ್ಲಿ ಕರೆಯುತ್ತಿದ್ದ ಮುದ್ದಿನ ಹೆಸರು. ಅಷ್ಟು ವರ್ಷ ನಮ್ಮೆಲ್ಲರ ಪತ್ರಗಳೂ ಆ ಹೆಸರಿನ ಹಿಂದೆಯೇ ಇದ್ದವಲ್ಲ ಎಂದುಕೊಂಡೆ. ಜೊತೆಗೆ, ನಾಚಿಕೆಯಿಲ್ಲದೆ ಹೇಳುತ್ತೇನೆ, ನನ್ನ ಕಾಗದ ಓದಿದವರ ಪೆಟ್ಟಿಗೆ ಈಗ ನನ್ನ ಕೈಯಲ್ಲಿ ಎಂಬ ಸಣ್ಣ ಖುಷಿಯೂ ಆಯಿತು.

ಮೊದಲ ಎರಡು ಶುಕ್ರವಾರ ತೆರೆದೆ. ಏನೂ ಇರಲಿಲ್ಲ. ಆಮೇಲೆ ನನ್ನ ಗಂಡ ರಜೆಯಲ್ಲಿ ಊರಿಗೆ ಬಂದರು, ನಲವತ್ತೈದು ದಿನ.

ಗಂಡ ಊರಿಗೆ ಬಂದ ಮೇಲೆ ಸೈಬರಿಗೆ ಹೋಗುವ ಹೆಂಗಸು ನಮ್ಮಲ್ಲಿ ಒಬ್ಬಳೂ ಇರಲಿಲ್ಲ. ಯಾಕೆ ಹೋಗಬೇಕು? ಬರೆಯಬೇಕಾದವರು ಮನೆಯಲ್ಲೇ ಕುಳಿತು ಬಂಗುಡೆ ಸಾರು ಉಣ್ಣುತ್ತಿರುವಾಗ? ರಜೆ ಅಂದರೆ ಕಂಪ್ಯೂಟರಿಗೂ ರಜೆ. ನೆಂಟರ ಮನೆ, ತವರುಮನೆ, ಕಾಪುವಿನ ಬೀಚು, ಮದುವೆ, ಉಪನಯನ... ಒಂದೆರಡು ಸಲ ನೆನಪಾಗದೆ ಇರಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ಒಂದು ಸೈಬರಿನ ಬೋರ್ಡು ಕಂಡು, ಐದು ನಿಮಿಷ ಹೋಗಿ ಬರಲಾ ಎಂದುಕೊಂಡೆ. ಗಂಡನ ಎದುರು ಆ ಸುದ್ದಿಯೆಲ್ಲ ಬಿಡಿಸಿ ಹೇಳುವುದು ಯಾರು? ನಾಳೆ ನೋಡಿದರಾಯಿತು ಎಂದುಕೊಂಡೆ. ಅದು ಉದಾಸೀನವೋ, ಹಳೆಯ ಕಿಚ್ಚೋ? ಕಿಚ್ಚಲ್ಲ ಎಂದು ಆಣೆ ಇಡಲು ಇವತ್ತಿಗೂ ನನ್ನಿಂದಾಗದು.

ಗಂಡ ಹೊರಡುವ ಮುಂಚೆ ಬಾಯಮ್ಮ ಅವರಿಗೂ ಒಂದು ಚೀಟಿ ಕಳಿಸಿಕೊಟ್ಟಿದ್ದರು. ಅದನ್ನು ನಾನೇ ಅವರ ಪಾಸ್‌ಪೋರ್ಟಿನೊಳಗೆ ಇಟ್ಟೆ. ಅವರನ್ನು ವಿಮಾನ ಹತ್ತಿಸಿ ಬಂದ ಮರುದಿನ, ಬೋರ್ಡು ಕಂಡಿದ್ದ ಆ ಸೈಬರಿಗೆ ಓಡಿದೆ. ವಿಳಾಸ ಹಾಕಿದೆ, ಆ ಹೆಸರು ಕುಟ್ಟಿದೆ. ಇಂಥ ಖಾತೆ ಇಲ್ಲ ಎಂದಿತು. ಕೈತಪ್ಪಿರಬೇಕು ಎಂದು ಮತ್ತೆ ಕುಟ್ಟಿದೆ. ದೊಡ್ಡ ಅಕ್ಷರದಲ್ಲಿ, ಸಣ್ಣ ಅಕ್ಷರದಲ್ಲಿ, ಒಂದೇ ಬೆರಳಿನಲ್ಲಿ ಹುಡುಕಿ ಹುಡುಕಿ... ಇಲ್ಲ. ಅದೇ ಹೆಸರಿನಲ್ಲಿ ಹೊಸದು ಮಾಡಲು ನೋಡಿದೆ. ಆ ಹೆಸರು ಇನ್ನು ಯಾರಿಗೂ ಸಿಗುವುದಿಲ್ಲ ಎಂದಿತು. ಹೊರಗೆ ಬಂದು ಚಪ್ಪಲಿ ಹಾಕಿಕೊಳ್ಳದೆಯೇ ಅರ್ಧ ರಸ್ತೆ ನಡೆದುಬಿಟ್ಟಿದ್ದೆ.

ಆಗಲೇ ಹೋಗಿ ಬಾಯಮ್ಮನಿಗೆ ಹೇಳಿದ್ದರೆ? ಬೈಯುತ್ತಿದ್ದರು, ಅಳುತ್ತಿದ್ದರು, ಹೊಸ ವಿಳಾಸ ಮಾಡಿ ಹೊಸ ಚೀಟಿ ಹಂಚುತ್ತಿದ್ದರು. ಅಷ್ಟೇ ಅಲ್ಲವಾ? ಅಷ್ಟೂ ಧೈರ್ಯ ನನಗೆ ಬರಲಿಲ್ಲ.

ಅಂಗಡಿ ಮತ್ತೆ ತೆರೆಯಲಿಲ್ಲ. ಅಲ್ಲಿನ ಫೋನನ್ನೂ ಕಡಿದರು. ಬಾಯಮ್ಮ ಕಾಪುವಿನಲ್ಲಿ ಚಿಕ್ಕಮ್ಮನ ಮಗಳ ಮನೆಯ ಹಾಸಿಗೆಗೆ ಅಂಟಿಕೊಂಡರು. ನಾನು ತಿಂಗಳಿಗೊಮ್ಮೆ ಹೋಗುತ್ತಿದ್ದೆ. ಬಾಗಿಲಲ್ಲಿ ನನ್ನನ್ನು ಕಂಡದ್ದೇ ತಲೆ ಎತ್ತಿ ಕೇಳುತ್ತಿದ್ದರು.

"ಎಂತಾದ್ರೂ ಬಂತಾ?"

"ಇಲ್ಲ ಬಾಯಮ್ಮ."

"ಸರಿಯಾಗಿ ನೋಡಿದ್ಯಲ್ಲ?"

"ನೋಡಿದೆ."

"ಅವನ ಸಿಟ್ಟು ಇನ್ನೂ ಇಳಿದಿಲ್ಲ ಕಾಣ್ತದೆ" ಎಂದು ಗೋಡೆಯ ಕಡೆ ತಿರುಗುತ್ತಿದ್ದರು. ಒಂದು ಸಲ ಮಾತ್ರ, ನಾನು ಹೊರಡಲು ಎದ್ದಾಗ, "ನಿನಗೆ ನನ್ನಿಂದ ಎಷ್ಟು ತೊಂದರೆ ಮಗಾ" ಎಂದರು. ಆ ದಿನ ಬಸ್ಸಿನಲ್ಲಿ ಬೆಳ್ಮಣ್ಣು ದಾಟುವವರೆಗೂ ಅತ್ತೆ. ಮುಂದಿನ ತಿಂಗಳು ಹೋಗಿ ಮತ್ತೆ ಅದೇ ಸುಳ್ಳು ಹೇಳಿದೆ.

ಹೀಗೇ ಒಂದೂವರೆ ವರ್ಷ. ಆಮೇಲೆ ಬಾಯಮ್ಮ ತೀರಿಕೊಂಡರು. ಕಾರ್ಕಳದಲ್ಲೇ ಮಣ್ಣು ಮಾಡಿದರು. ಶುಕ್ರವಾರದ ಹೆಂಗಸರೆಲ್ಲ ಬಂದಿದ್ದರು. ಎರ್ಮಾಳಿನವಳು ಎದೆ ಬಡಿದುಕೊಂಡು ಅತ್ತಳು. ನನ್ನ ಕಣ್ಣಲ್ಲಿ ಒಂದು ಹನಿಯೂ ಬರಲಿಲ್ಲ.

ಬಾಯಮ್ಮನ ತಮ್ಮ ಬಂದದ್ದು ಆಮೇಲೆ, ಸಾವಿನ ಸುದ್ದಿ ತಡವಾಗಿ ಮುಟ್ಟಿ, ಎಂಟು ತಿಂಗಳು ಕಳೆದು. ಯಾರೋ ನಮ್ಮ ಮನೆ ತೋರಿಸಿದ್ದರು, ಅಕ್ಕನ ಹತ್ತಿರ ಕೊನೆಯವರೆಗೂ ಹೋಗಿ ಬರುತ್ತಿದ್ದವಳು ಇವಳೇ ಅಂತ. ತಲೆ ಅರ್ಧ ನರೆತಿದ್ದ ಮನುಷ್ಯ. ಹೆಬ್ಬಾಗಿಲ ಮೆಟ್ಟಿಲಲ್ಲೇ ಕುಳಿತರು, ಒಳಗೆ ಬನ್ನಿ ಎಂದರೂ ಬರಲಿಲ್ಲ. ಕಿಸೆಯಿಂದ ಎರಡು ಕಾಗದ ತೆಗೆದರು. ಒಂದು, ಬಾಯಮ್ಮನ ಕೈಬರಹದ ಚೀಟಿ. ನನ್ನ ಗಂಡ ಒಯ್ದು ಯಾರಿಗೋ ಕೊಟ್ಟು, ಅವರಿಂದ ಇವರಿಗೆ ಮುಟ್ಟಿದ್ದಂತೆ. ಇನ್ನೊಂದು, ಒಂದು ಇಮೇಲಿನ ಮಾಸಿದ ಪ್ರಿಂಟು.

"ಚೀಟಿ ಸಿಕ್ಕಿದ ದಿನವೇ ಅವಳಿಗೆ ಬರೆದೆ ಅಕ್ಕಾ. ಮಗಳು ಹುಟ್ಟಿದ್ದಾಳೆ, ನಿನ್ನ ಹೆಸರೇ ಇಟ್ಟಿದ್ದೇನೆ ಅಂತ ಬರೆದೆ. ವಾಪಸ್ ಬಂತು. ಮೂರು ಸಲ ಕಳಿಸಿದೆ, ಮೂರೂ ಸಲ ವಾಪಸ್. ಕೋಪ ಇಲ್ಲ ಅಂತ ಬರೆದವಳು ಮತ್ತೆ ಸಿಟ್ಟಾಗಿ ಪೆಟ್ಟಿಗೆಯನ್ನೇ ಮುಚ್ಚಿಬಿಟ್ಟಳು ಅಂದುಕೊಂಡೆ. ನನಗೂ ಹಟ ಬಂತು." ಪ್ರಿಂಟನ್ನು ಮಡಚುತ್ತಾ ಕೇಳಿದರು, "ಅವಳೇ ಮುಚ್ಚಿದ್ದಾ?"

"ಅಲ್ಲ" ಎಂದೆ. ಅವರು ಕೊನೆಯ ದಿನದವರೆಗೂ ನಿಮ್ಮನ್ನೇ ಕಾಯುತ್ತಿದ್ದರು ಎಂದೂ ಹೇಳಿದೆ. ತೆರೆಯದೆ ಇದ್ದುದಕ್ಕೆ ಕಂಪೆನಿಯವರು ಅಳಿಸಿದ್ದು ಎಂದೆ. ಯಾರು ತೆರೆಯಬೇಕಿತ್ತು ಎಂಬುದನ್ನು ಹೇಳಲಿಲ್ಲ. ಅವರು ಕೇಳಲೂ ಇಲ್ಲ, ಹಾಸಿಗೆ ಹಿಡಿದವಳು ಹೇಗೆ ತೆರೆದಾಳು ಎಂದುಕೊಂಡಿರಬೇಕು. ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದರು. ಹೊರಡುವಾಗ ಎರಡೂ ಕೈ ಜೋಡಿಸಿದರು. "ನೀವಾದ್ರೂ ಅವಳ ಹತ್ತಿರ ಇದ್ರಲ್ಲ ಅಕ್ಕಾ. ನಿಮ್ಮ ಉಪಕಾರ ಮರೆಯೂದಿಲ್ಲ." ಚೀಟಿಯ ಹಿಂಬದಿಯಲ್ಲಿ ತಮ್ಮ ಇಮೇಲ್ ವಿಳಾಸ ಬರೆದು ನನ್ನ ಕೈಯಲ್ಲಿಟ್ಟು ಹೋದರು.

ಯಾರಾದರೂ ಕಪಾಳಕ್ಕೆ ಬಾರಿಸಿದ್ದರೆ ಮರೆಯುತ್ತಿದ್ದೆನೋ ಏನೋ. ಆ ಜೋಡಿಸಿದ ಕೈಗಳನ್ನು ಮರೆಯಲು ಆಗಲಿಲ್ಲ.

ಚೀಟಿಯನ್ನು ಕಪಾಟಿನಲ್ಲಿ ಸೀರೆಗಳ ಅಡಿಯಲ್ಲಿ ಇಟ್ಟೆ. ವರ್ಷಗಳು ಹೋದವು. ಸೈಬರುಗಳೆಲ್ಲ ಮುಚ್ಚಿದವು. ಬಾಯಮ್ಮನ ಮಹಡಿಯಲ್ಲಿ ಈಗ ಮೊಬೈಲು ರಿಪೇರಿ ಅಂಗಡಿ. ಗೋಡೆಯಲ್ಲಿ ದಾರ ಕಟ್ಟಿದ್ದ ಮೊಳೆಗಳು ಇನ್ನೂ ಉಂಟು, ಒಂದಕ್ಕೆ ಗಣಪತಿಯ ಕ್ಯಾಲೆಂಡರ್ ತೂಗುಹಾಕಿದ್ದಾರೆ. ಗಂಡ ಗಲ್ಫ್ ಬಿಟ್ಟು ಬಂದು ಮನೆಯಲ್ಲೇ ಇದ್ದಾರೆ. ಅವರಿಗೂ ನಾನು ಇದನ್ನು ಹೇಳಿದವಳಲ್ಲ.

ಕಳೆದ ತಿಂಗಳು, ಸೀದ ದೋಸೆಯನ್ನು ಕಸಕ್ಕೆ ಹಾಕಿ, ಒಲೆ ಆರಿಸಿ, ಕಪಾಟಿನಿಂದ ಚೀಟಿ ತೆಗೆದೆ. ಆ ಹಳೆಯ ಖಾತೆಯನ್ನೇ ತೆರೆದೆ. ಎಲ್ಲವನ್ನೂ ಬರೆದೆ. ನಲವತ್ತೈದು ದಿನ, ಬಸ್‌ಸ್ಟ್ಯಾಂಡಿನ ಬೋರ್ಡು, ಕಿಚ್ಚು, ತಿಂಗಳು ತಿಂಗಳೂ ಹೇಳಿದ ಸುಳ್ಳು, ಒಂದನ್ನೂ ಬಿಡಲಿಲ್ಲ. ನಿಮ್ಮ ಅಕ್ಕನ ಪೆಟ್ಟಿಗೆ ಮುಚ್ಚಿಸಿದವಳು ನಾನು ಎಂದು ಬರೆದು ಕಳಿಸಿದೆ.

ಅದು ವಾಪಸ್ ಬಂದಿಲ್ಲ. ಅಂದರೆ ಆ ಕಡೆ ಪೆಟ್ಟಿಗೆ ಇನ್ನೂ ಉಂಟು. ಉತ್ತರವೂ ಬಂದಿಲ್ಲ. ಬೆಳಿಗ್ಗೆ ಎದ್ದೊಡನೆ ತೆಗೆದು ನೋಡುತ್ತೇನೆ, ಊಟಕ್ಕೆ ಮೊದಲು ನೋಡುತ್ತೇನೆ, ಊಟ ಮುಗಿಸಿ ಕೈ ತೊಳೆದು ಮತ್ತೆ ನೋಡುತ್ತೇನೆ. ಗಂಡನಿಗೆ ವಿಚಿತ್ರ ಅನಿಸಿರಬೇಕು. ನಿನ್ನೆ ಪೇಪರ್ ಕೆಳಗಿಟ್ಟು ಕೇಳಿದರು.

"ಆಗಿಂದ ಆ ಫೋನನ್ನೇ ನೋಡ್ತಿದ್ದೀಯಲ್ಲ. ಎಂತಾದ್ರೂ ಬಂತಾ?"

"ಇಲ್ಲ" ಎಂದೆ. ಈ ಸಲ ಅದು ಸುಳ್ಳಾಗಿರಲಿಲ್ಲ.